ಗಾಜಿನ ಕಡೆ ಅವರದ್ದು, ತಾಮ್ರದ ಕಡೆ ನಮ್ಮದು

ನಮ್ಮ ಮನೆ ಜಗುಲಿಯ ನಾಗಂದಿಗೆ ಮೇಲೆ ಈಗ ಎರಡು ಪೆಟ್ಟಿಗೆಗಳಿವೆ. ಬಿಳಿ ಬಣ್ಣದ್ದು ಇಂಟರ್ನೆಟ್ ಕಂಪನಿಯವರು ಕೊಟ್ಟಿದ್ದು. ಅದರ ವೈಫೈ ಬಂದ್ ಮಾಡಿಟ್ಟಿದ್ದೇನೆ. ಕಪ್ಪು ಬಣ್ಣದ್ದು ನಾನೇ ದುಡ್ಡು ಕೊಟ್ಟು ತಂದ ರೌಟರ್. ಎರಡರ ನಡುವೆ ಒಂದು ಗೇಣುದ್ದದ ಹಳದಿ ವೈರು. ಆ ವೈರು ಅಲ್ಲಿಗೆ ಹೇಗೆ ಬಂತು ಅಂತ ಬರೆಯುತ್ತೇನೆ ಎಂದು ಸುಮಾರು ಜನರಿಗೆ ಮಾತು ಕೊಟ್ಟಿದ್ದೆ. ಊರಲ್ಲೇ ಕೂತು ಬೆಂಗಳೂರಿನ ಕೆಲಸ ಮಾಡುವವರು ನಮ್ಮ ಕಡೆ ಈಗ ಜಾಸ್ತಿ ಆಗಿದ್ದಾರೆ. ಅವರಿಗೆ ಉಪಯೋಗಕ್ಕೆ ಬಂದೀತು.

ನಮ್ಮದು ಶಿರಸಿ ತಾಲೂಕಿನ ಒಳಗಿನ ಊರು. ಅಜ್ಜ ಕಟ್ಟಿಸಿದ ಮನೆ. ಹಂಚಿನ ಮಾಡು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಬೇಸಿಗೆಯಲ್ಲಿ ತಂಪಾಗಿರುತ್ತದೆ, ಆದರೆ ವೈಫೈಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಜಗುಲಿಯಿಂದ ಅಡಿಗೆಮನೆಗೆ ಹೋಗುವಷ್ಟರಲ್ಲಿ ಅಂಥ ಮೂರು ಗೋಡೆ ದಾಟಬೇಕು. ನಾನು ಕೆಲಸಕ್ಕೆ ಕೂರುವುದು ಅಡಿಗೆಮನೆ ಪಕ್ಕದ ಕೋಣೆಯಲ್ಲಿ. ಆಯಿ (ಅಮ್ಮ) ಸಂಜೆ ಸ್ಟುಟ್‌ಗಾರ್ಟಿನಲ್ಲಿರುವ ನನ್ನ ತಂಗಿಯ ಜೊತೆ ವಿಡಿಯೊ ಕಾಲ್ ಮಾಡುವುದು ಅಡಿಗೆಮನೆಯಲ್ಲಿ. ದಿನಾ ಸಂಜೆ ಅಲ್ಲಿಂದ ಕೂಗು ಬರುತ್ತಿತ್ತು: "ತಮಾ, ಕೂಸಿನ ಮುಖ ಅಲ್ಲೇ ನಿಂತೋತು!"

ಹಾಗಂತ ಫೈಬರ್, ಅಂದರೆ ಗಾಜಿನ ಎಳೆಯ ಲೈನ್, ಬಂದಿದ್ದು ನಮಗೆ ಸಣ್ಣ ಸಂಗತಿ ಆಗಿರಲಿಲ್ಲ. ಅದಕ್ಕೂ ಮೊದಲು ತಾಮ್ರದ ಫೋನ್ ಲೈನಿನ ಮೇಲೆ ಇಂಟರ್ನೆಟ್ ಬರುತ್ತಿತ್ತು. ಮಲೆನಾಡಿನವರಿಗೆ ಗೊತ್ತು, ಏಪ್ರಿಲ್ ಮುಗಿಯುವ ಹೊತ್ತಿಗೆ ಸಂಜೆ ಗುಡುಗು ಶುರುವಾಗುತ್ತದೆ. ಗುಡುಗು ಕೇಳಿದ ಕೂಡಲೇ ಯಾರಾದರೂ ಓಡಿ ಹೋಗಿ ಫೋನಿನ ವೈರು ಕಿತ್ತಿಡಬೇಕು. ಒಂದು ಸಲ ಮನೆಯಲ್ಲಿ ಯಾರೂ ಇರಲಿಲ್ಲ. ವಾಪಸ್ ಬಂದು ನೋಡಿದರೆ ಮೋಡೆಮ್ ಸುಟ್ಟು ಗೋಡೆ ಮೇಲೆ ಕಪ್ಪು ಕಲೆ ಆಗಿತ್ತು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ಹರಿಯುವುದು ಬೆಳಕು ಮಾತ್ರ. ಆ ಒಂದು ಕಾರಣಕ್ಕೇ 2021ರಲ್ಲಿ ಫೈಬರ್ ಬಂದ ದಿನ ನನಗೆ ಹಬ್ಬದ ಹಾಗಿತ್ತು. (ಆದರೂ ಗುಡುಗಿಗೆ ಪವರ್ ಅಡಾಪ್ಟರ್ ಕೀಳುವುದನ್ನು ನಾವು ಬಿಟ್ಟಿಲ್ಲ. ಸಿಡಿಲು ಕರೆಂಟಿನ ಲೈನಿನಿಂದಲೂ ಬರುತ್ತದೆ. ಕಂಬದಿಂದ ಮನೆಗೆ ಎಳೆಯುವ ಚಪ್ಪಟೆ ಕೇಬಲಿನಲ್ಲಿ ಗಾಜಿನ ಜೊತೆ ಸಾಮಾನ್ಯವಾಗಿ ಉಕ್ಕಿನ ತಂತಿಯೂ ಇರುತ್ತದೆ, ಅದರಲ್ಲಿ ಕರೆಂಟು ಹರಿಯುತ್ತದೆ.)

ತೊಂದರೆ ಇದ್ದಿದ್ದು ಗಾಜಿನಲ್ಲಲ್ಲ, ಕಂಪನಿ ಕೊಟ್ಟ ಪೆಟ್ಟಿಗೆಯಲ್ಲಿ. ಅದಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇತ್ತು, ಹೆಚ್ಚು ವೇಗದ 5 ಗಿಗಾಹರ್ಟ್ಸ್ ಇರಲಿಲ್ಲ. ಎರಡು ದಿನಕ್ಕೊಮ್ಮೆ ಸುಮ್ನೆ ನಿಂತುಬಿಡುತ್ತಿತ್ತು, ಆಫ್ ಮಾಡಿ ಆನ್ ಮಾಡಬೇಕು. ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಾಯಿಸೋಣ ಅಂದರೆ ಆ ಪುಟವೇ ಕಾಣುವುದಿಲ್ಲ, ನಮಗೆ ಕೊಟ್ಟ ಪಾಸ್‌ವರ್ಡಿಗೆ ಅಷ್ಟು ಅಧಿಕಾರ ಇಲ್ಲ. ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಮನೆಯ ವೈಫೈ ಹೆಸರೇ ಬದಲಾಗಿತ್ತು. ಪಾಸ್‌ವರ್ಡೂ ಹೋಗಿತ್ತು. ಕಂಪನಿಯವರು ರಾತ್ರಿ ದೂರದಿಂದಲೇ ಹೊಸ ಸಾಫ್ಟ್‌ವೇರ್ ಹಾಕಿದ್ದರು, ಅದರ ಜೊತೆ ನನ್ನ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿದ್ದವು. ಹೀಗೆ ದೂರದಿಂದ ಪೆಟ್ಟಿಗೆ ನೋಡಿಕೊಳ್ಳುವುದಕ್ಕೆ ಟಿಆರ್-069 ಅಂತ ಒಂದು ಪದ್ಧತಿ ಇದೆ. ಸಾವಿರಾರು ಮನೆಗಳನ್ನು ನೋಡಿಕೊಳ್ಳುವ ಕಂಪನಿಗೆ ಅದು ಬೇಕು, ಒಪ್ಪುತ್ತೇನೆ. ಆದರೆ ನನ್ನ ಮನೆಯೊಳಗಿನ ಬಾಗಿಲಿನ ಕೀಲಿ ನನಗೇ ಗೊತ್ತಿಲ್ಲದೆ ಬದಲಾಗುವುದನ್ನು ಒಪ್ಪಲು ಆಗಲಿಲ್ಲ. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ನನಗೆ ಮೀಟಿಂಗ್ ಬೇರೆ ಇತ್ತು.

ತಂಗಿಗೆ ಹೇಳಿದೆ. ಅವಳು, "ಇಲ್ಲಿ ಹಾಗಿಲ್ಲ ಅಣ್ಣಾ, ನಮ್ಮ ಮನೆ ರೌಟರ್ ನಾವೇ ಅಂಗಡಿಯಿಂದ ತಂದಿದ್ದು" ಅಂದಳು. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಅದಕ್ಕೆ ಕಾನೂನೇ ಇದೆ. ಯಾವ ರೌಟರ್ ಹಾಕಬೇಕು ಅನ್ನುವುದು ಗ್ರಾಹಕನ ಇಷ್ಟ. ಲೈನಿಗೆ ಹಾಕಲು ಬೇಕಾದ ಪಾಸ್‌ವರ್ಡುಗಳನ್ನು ಗ್ರಾಹಕ ಕೇಳದಿದ್ದರೂ ಕಂಪನಿಯೇ ಕೊಡಬೇಕು. ಅದನ್ನು ಕೇಳಿದ ಮೇಲೆ ನಾನು ಓದಲು ಕೂತೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಆ ಬಿಳಿ ಪೆಟ್ಟಿಗೆ ನೋಡಲು ಒಂದೇ ಆದರೂ ಅದರೊಳಗೆ ಎರಡು ಕೆಲಸ ನಡೆಯುತ್ತದೆ. ಗಾಜಿನಲ್ಲಿ ಬಂದ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ವೈರಿನ ಸಿಗ್ನಲ್ ಮಾಡುವುದು ಒಂದು. ಇದಕ್ಕೆ ಓಎನ್‌ಟಿ ಅನ್ನುತ್ತಾರೆ. ಲಾಗಿನ್ ಆಗಿ, ಮನೆಯ ಫೋನು, ಲ್ಯಾಪ್‌ಟಾಪಿಗೆಲ್ಲ ಇಂಟರ್ನೆಟ್ ಹಂಚುವುದು, ವೈಫೈ ಬೀರುವುದು ಇನ್ನೊಂದು. ಅದು ರೌಟರಿನ ಕೆಲಸ.

ಮೊದಲಿನ ಕೆಲಸವನ್ನೂ ಕಿತ್ತು ನನ್ನದೇ ಓಎನ್‌ಟಿ ಹಾಕಿದರೆ ಹೇಗೆ ಅಂತ ಮೊದಮೊದಲು ಆಸೆ ಇತ್ತು. ಓದುತ್ತಾ ಹೋದ ಹಾಗೆ ಬೇಡ ಅನ್ನಿಸಿತು. ನಮ್ಮ ಕಡೆ ಮನೆಗಳಿಗೆ ಬರುವ ಫೈಬರ್ ಹೆಚ್ಚಾಗಿ ಜಿಪಾನ್ ಪದ್ಧತಿಯದ್ದು. ಕಂಪನಿಯ ಕಚೇರಿಯಲ್ಲಿ ಓಎಲ್‌ಟಿ ಅನ್ನುವ ದೊಡ್ಡ ಯಂತ್ರ ಇರುತ್ತದೆ. ಅದರ ಒಂದು ಪೋರ್ಟಿನಿಂದ ಒಂದೇ ಒಂದು ಗಾಜಿನ ಎಳೆ ಹೊರಡುತ್ತದೆ. ದಾರಿಯಲ್ಲಿ ಕಂಬದ ಮೇಲಿನ ಡಬ್ಬಿಗಳಲ್ಲಿ ಸ್ಪ್ಲಿಟರ್ ಕೂತಿರುತ್ತದೆ. ಅದಕ್ಕೆ ಕರೆಂಟು ಬೇಡ, ಬೆಳಕನ್ನು ಭಾಗ ಮಾಡಿ ಕಳಿಸುತ್ತದೆ ಅಷ್ಟೇ. ಹೀಗೆ ಒಂದು ಎಳೆ 32 ಅಥವಾ 64 ಮನೆಗೆ ಹಂಚಿಹೋಗುತ್ತದೆ. ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಕೆಳಗೆ, 1.25 ಗಿಗಾಬಿಟ್ ಮೇಲೆ, ಇಷ್ಟನ್ನು ಆ ಮನೆಗಳೆಲ್ಲ ಹಂಚಿಕೊಳ್ಳಬೇಕು. ಕಚೇರಿಯಿಂದ ಬರುವ ಬೆಳಕು ಎಲ್ಲ ಮನೆಗೂ ಹೋಗುತ್ತದೆ, ಪ್ರತಿ ಓಎನ್‌ಟಿ ತನ್ನ ಪಾಲನ್ನು ಮಾತ್ರ ಆರಿಸಿಕೊಳ್ಳುತ್ತದೆ. ಮನೆಯಿಂದ ಕಚೇರಿಗೆ ಕಳಿಸುವಾಗ ಸರತಿ ಇರುತ್ತದೆ. ಇಂಥ ಕ್ಷಣದಲ್ಲಿ ಇಂಥ ಮನೆಯ ಓಎನ್‌ಟಿ ಮಾತ್ರ ಬೆಳಕು ಬಿಡಬೇಕು.

ತೋಟಕ್ಕೆ ಸರತಿಯಲ್ಲಿ ನೀರು ಬಿಡುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಒಬ್ಬ ಸರತಿ ತಪ್ಪಿ ಕಾಲುವೆ ಒಡೆದರೆ ಎಲ್ಲರ ತೋಟಕ್ಕೂ ತೊಂದರೆ. ಸರಿಯಿಲ್ಲದ ಒಂದು ಓಎನ್‌ಟಿ ತನ್ನ ಸರತಿ ಬಿಟ್ಟು ಬೆಳಕು ಬಿಟ್ಟರೆ ಅದೇ ಎಳೆಯ ಅಷ್ಟೂ ಮನೆಗಳ ಇಂಟರ್ನೆಟ್ ಕೆಡುತ್ತದೆ. ಅದಕ್ಕೇ ಪ್ರತಿ ಓಎನ್‌ಟಿಯ ಸೀರಿಯಲ್ ನಂಬರನ್ನು ಓಎಲ್‌ಟಿಯಲ್ಲಿ ನೋಂದಾಯಿಸಿರುತ್ತಾರೆ, ಬೇರೆಯದನ್ನು ಒಳಗೆ ಬಿಡುವುದಿಲ್ಲ. ಕಂಪನಿಯ ಈ ಕಟ್ಟುನಿಟ್ಟು ನ್ಯಾಯವಾದದ್ದೇ. ನೆರೆಮನೆಯವರ ನೆಟ್ ಕೆಡಿಸುವ ಹಕ್ಕು ನನಗಿಲ್ಲ. ಆದರೆ ಬೆಳಕು ತಾಮ್ರದ ವೈರಿಗೆ ಬಂದ ಮೇಲೆ? ಹೆಸ್ಕಾಂನವರು ಮೀಟರ್ ತನಕ ಕರೆಂಟು ತಂದು ಕೊಡುತ್ತಾರೆ. ಅಲ್ಲಿಂದ ಒಳಗೆ ಯಾವ ಫ್ಯಾನು, ಯಾವ ಮಿಕ್ಸಿ ಅಂತ ಅವರು ಹೇಳುವುದಿಲ್ಲ ಅಲ್ವಾ? ಗಾಜಿನ ಕಡೆ ಅವರದ್ದು, ತಾಮ್ರದ ಕಡೆ ನಮ್ಮದು. ಅಷ್ಟು ತೀರ್ಮಾನ ಮಾಡಿಕೊಂಡ ಮೇಲೆ ಕೆಲಸ ಸುಲಭವಾಯಿತು. ಬಿಳಿ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ ಹಾಕಿದರೆ ಅದು ಓಎನ್‌ಟಿಯ ಕೆಲಸ ಮಾತ್ರ ಮಾಡುತ್ತದೆ. ಉಳಿದಿದ್ದೆಲ್ಲ ನನ್ನ ರೌಟರಿಗೆ.

ಲೈನ್ ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿದೆ.

"ಬ್ರಿಡ್ಜಾ? ಅದೆಲ್ಲ ಮುಟ್ಟಬೇಡಿ ಹೆಗಡೇರೇ. ರಿಜಿಸ್ಟರ್ ಹೋದ್ರೆ ಮತ್ತೆ ನಾನೇ ಬರಬೇಕು, ಮಳೆ ಬೇರೆ."

"ಸೀರಿಯಲ್ ನಂಬರ್ ಇದ್ದ ಕಡೆ ಕೈ ಹಾಕೂದಿಲ್ಲ ಮಾರಾಯ. ನಂಗೆ ಬೇಕಾದ್ದು ಮೂರೇ. ಪಿಪಿಪಿಓಇ ಯೂಸರ್ ನೇಮ್, ಪಾಸ್‌ವರ್ಡ್, ಮತ್ತೆ ವಿಲ್ಯಾನ್ ನಂಬರ್."

(ಪಿಪಿಪಿಓಇ ಅಂದರೆ ಕಂಪನಿಯ ನೆಟ್‌ವರ್ಕಿಗೆ ಲಾಗಿನ್ ಆಗುವ ಪದ್ಧತಿ. ವಿಲ್ಯಾನ್ ನಂಬರ್ ಅಂದರೆ ಒಂದೇ ಲೈನಿನಲ್ಲಿ ಹೋಗುವ ಬೇರೆ ಬೇರೆ ಸೇವೆಗಳನ್ನು ಬೇರ್ಪಡಿಸುವ ಗುರುತು.) ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಫೀಸಲ್ಲಿ ಕೇಳಿ ಹೇಳ್ತೆ" ಅಂದ. ಮೊದಲ ಸಲ ಆಫೀಸಿನವರು ಆಗುವುದಿಲ್ಲ ಅಂದರಂತೆ. ನಾನು ಗ್ರಾಹಕನ ಹೆಸರಿನಿಂದ ಮೇಲ್ ಬರೆದೆ. ಓಎನ್‌ಟಿ ನಿಮ್ಮದೇ ಇರುತ್ತದೆ, ಅದನ್ನು ಬದಲಾಯಿಸುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದೆ. ಆರು ದಿನಕ್ಕೆ ಉತ್ತರ ಬಂತು, ಮೂರೂ ಸಿಕ್ಕವು. ನೀವೂ ಕೇಳುವಾಗ ಹೀಗೇ ಕೇಳಿ. "ರೌಟರ್ ಬದಲಾಯಿಸುತ್ತೇನೆ" ಅಂದರೆ ಅವರಿಗೆ ಓಎನ್‌ಟಿ ಬದಲಾಯಿಸುತ್ತಾನೆ ಅಂತಲೇ ಕೇಳಿಸುತ್ತದೆ.

ರೌಟರ್ ಯಾವುದು ಅಂತ ತುಂಬ ತಲೆ ಕೆಡಿಸಿಕೊಳ್ಳಲಿಲ್ಲ. ಟಿಪಿ-ಲಿಂಕ್ ಆರ್ಚರ್ ಸಿ6 ತಂದೆ. ಎಲ್ಲ ಪೋರ್ಟೂ ಗಿಗಾಬಿಟ್, 5 ಗಿಗಾಹರ್ಟ್ಸ್ ಇದೆ, ಮುಖ್ಯವಾಗಿ ಅದಕ್ಕೆ ಓಪನ್‌ಡಬ್ಲ್ಯುಆರ್‌ಟಿ ಹಾಕಬಹುದು. ಅದು ಯಾರು ಬೇಕಾದರೂ ನೋಡಬಹುದಾದ, ತಿದ್ದಬಹುದಾದ ಸಾಫ್ಟ್‌ವೇರ್. ಅದರ ಹುಟ್ಟೇ ನನಗೆ ಇಷ್ಟ. ಲಿಂಕ್ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಅನ್ನುವ ನೀಲಿ ರೌಟರಿನಲ್ಲಿ ಲಿನಕ್ಸ್ ಅನ್ನುವ ಮುಕ್ತ ಸಾಫ್ಟ್‌ವೇರ್ ಇದೆ ಅಂತ ಜನ ಕಂಡುಹಿಡಿದರು. ಲಿನಕ್ಸಿನ ಪರವಾನಗಿಯ ಪ್ರಕಾರ ಅದರ ಮೂಲ ಕೋಡ್ ಕೊಡಲೇಬೇಕಾಯಿತು, 2003ರಲ್ಲಿ ಕೊಟ್ಟರು. ಆ ಕೋಡಿನಿಂದ 2004ರಲ್ಲಿ ಈ ಕೆಲಸ ಶುರುವಾಗಿದ್ದು. ಈಗಲೂ ಹಳೆಯ ರೌಟರುಗಳಿಗೆ ಹೊಸ ಭದ್ರತಾ ಅಪ್‌ಡೇಟ್ ಕೊಡುತ್ತಾ ಬಂದಿದ್ದಾರೆ. ಹಾಕುವ ಮುಂಚೆ ಪೆಟ್ಟಿಗೆ ತಳದಲ್ಲಿರುವ ವರ್ಷನ್ ನಂಬರ್ ನೋಡಿಕೊಳ್ಳಿ. ಒಂದೇ ಹೆಸರಿನ ರೌಟರಿನಲ್ಲಿ ಒಳಗಿನ ಚಿಪ್ ಬೇರೆ ಬೇರೆ ಇರುತ್ತದೆ.

ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಕೂತೆ. ಮೊದಲು ಮಾಡಿದ್ದು ಫೋಟೊ ತೆಗೆಯುವ ಕೆಲಸ. ಬಿಳಿ ಪೆಟ್ಟಿಗೆಯ ಪ್ರತಿ ಪುಟ, ಪ್ರತಿ ಅಂಕಿ. ಏನಾದರೂ ಕೆಟ್ಟರೆ ವಾಪಸ್ ಮೊದಲಿನ ಹಾಗೆ ಮಾಡಲು ಅದೊಂದೇ ದಾರಿ.

ಹಾಗೆ ಫೋಟೊ ತೆಗೆಯುವಾಗ ಒಂದು ಅಂಕಿ ಕಣ್ಣಿಗೆ ಬಿತ್ತು. ಬೆಳಕು ಎಷ್ಟು ಬರುತ್ತಿದೆ ಅಂತ ತೋರಿಸುವ ಜಾಗದಲ್ಲಿ ಮೈನಸ್ 25.9 ಡಿಬಿಎಂ ಅಂತಿತ್ತು. ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಮೈನಸ್ 27ರ ತನಕ ಓಎನ್‌ಟಿಗೆ ಬೆಳಕು ಓದಲು ಆಗಬೇಕು, ಅದಕ್ಕಿಂತ ಕೆಳಗೆ ಹೋದರೆ ಭರವಸೆ ಇಲ್ಲ. ನಮ್ಮದು ಅಂಚಿನಲ್ಲೇ ಇತ್ತು. ಮೈನಸ್ 27 ಅಂದರೆ ಬರೀ ಎರಡು ಮೈಕ್ರೋವಾಟ್ ಬೆಳಕು. ಅಷ್ಟು ಸಣ್ಣ ಬೆಳಕಿನಲ್ಲಿ ತಂಗಿಯ ಮುಖ ಬರುತ್ತದೆ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

ಪೆಟ್ಟಿಗೆ ಹಿಂದೆ ನೋಡಿದರೆ ಕಾರಣ ಅಲ್ಲೇ ಇತ್ತು. ಉಳಿದ ಹಳದಿ ಫೈಬರನ್ನು ಸುರುಳಿ ಸುತ್ತಿ ಮೊಳೆಗೆ ಸಿಕ್ಕಿಸಿದ್ದರು. ಮೊಳೆ ಇದ್ದಲ್ಲಿ ಅದು ಚೂಪಾಗಿ ಮಡಚಿಕೊಂಡಿತ್ತು. ಗಾಜು ಮುರಿಯದಿದ್ದರೂ ಅಷ್ಟು ಚೂಪಾಗಿ ಬಗ್ಗಿದರೆ ಬೆಳಕು ಅಲ್ಲೇ ಹೊರಗೆ ಸೋರಿಹೋಗುತ್ತದೆ. ನಿಧಾನಕ್ಕೆ ಬಿಡಿಸಿ, ಊಟದ ತಟ್ಟೆಯಷ್ಟು ಅಗಲದ ಸುರುಳಿ ಮಾಡಿ, ಹತ್ತಿಯ ದಾರದಿಂದ ಸಡಿಲವಾಗಿ ಕಟ್ಟಿದೆ. ಪುಟ ಮತ್ತೆ ತೆರೆದಾಗ ಮೈನಸ್ 21.3. ಮೊದಲಿಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಬೆಳಕು! ಎರಡು ದಿನಕ್ಕೊಮ್ಮೆ ನಿಲ್ಲುತ್ತಿದ್ದ ನೆಟ್ಟಿಗೆ ಇದೂ ಒಂದು ಕಾರಣ ಇದ್ದಿರಬೇಕು. ರೌಟರ್ ಬದಲಾಯಿಸುವ ಯೋಚನೆ ಇಲ್ಲದವರೂ ಈ ಸುರುಳಿಯೊಂದನ್ನು ನೋಡಿಕೊಳ್ಳಿ. ಆದರೆ ತುದಿಯ ಹಸಿರು ಕನೆಕ್ಟರನ್ನು ಬಿಚ್ಚಬೇಡಿ. ಬಿಚ್ಚಲೇಬೇಕಾಗಿ ಬಂದರೆ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಕಣ್ಣಿನ ಹತ್ತಿರ ಹಿಡಿಯಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಕಾಣುವುದಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ.

ಆಮೇಲೆ ಬ್ರಿಡ್ಜ್. ಹಳೆಯ ಇಂಟರ್ನೆಟ್ ಕನೆಕ್ಷನ್ನಿನ ಪುಟದಲ್ಲಿ ರೂಟ್ ಅಂತಿದ್ದನ್ನು ಬ್ರಿಡ್ಜ್ ಮಾಡಿದೆ, ಅದೇ ವಿಲ್ಯಾನ್ ನಂಬರ್ ಉಳಿಸಿದೆ, ವೈಫೈ ಬಂದ್ ಮಾಡಿದೆ. ಒಂದನೇ ಪೋರ್ಟಿನಿಂದ ನನ್ನ ರೌಟರಿನ ವ್ಯಾನ್ ಪೋರ್ಟಿಗೆ (ಹೊರಗಿನ ಇಂಟರ್ನೆಟ್ ಒಳಗೆ ಬರುವ ಪೋರ್ಟು) ವೈರು ಹಾಕಿದೆ. ರೌಟರಿನಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಒತ್ತಿದೆ.

ಬರಲಿಲ್ಲ.

ಬಿಳಿ ಪೆಟ್ಟಿಗೆಯಲ್ಲಿ ಪಾನ್ ದೀಪ ಹಸಿರಾಗಿಯೇ ಇತ್ತು, ಬೆಳಕು ಬರದಿದ್ದರೆ ಉರಿಯುವ ಕೆಂಪು ಲಾಸ್ ದೀಪ ಇಲ್ಲ. ಅಂದರೆ ಗಾಜಿನ ಕಡೆ ಎಲ್ಲ ಸರಿ. ರೌಟರಿನ ಲಾಗ್ ತೆಗೆದು ನೋಡಿದೆ. "ಯಾರಾದರೂ ಇದ್ದೀರಾ" ಅಂತ ರೌಟರ್ ಕೂಗುತ್ತಿದೆ, ಆ ಕಡೆಯಿಂದ ಉತ್ತರವೇ ಇಲ್ಲ. ಪಾಸ್‌ವರ್ಡ್ ತಪ್ಪಾಗಿದ್ದರೆ ಬೇಡ ಅನ್ನುವ ಉತ್ತರವಾದರೂ ಬರಬೇಕಿತ್ತು. ಉತ್ತರವೇ ಇಲ್ಲ ಅಂದರೆ ಕೂಗು ಆ ಕಡೆ ತಲುಪಿಲ್ಲ. ಪಾಸ್‌ವರ್ಡನ್ನು ಮತ್ತೆ ಮತ್ತೆ ತಿದ್ದುವ ಬದಲು ಇಲ್ಲಿ ನಿಂತು ಯೋಚನೆ ಮಾಡಿದ್ದು ಒಳ್ಳೆಯದಾಯಿತು. ಫೋಟೊಗಳನ್ನು ಮತ್ತೆ ಒಂದೊಂದಾಗಿ ನೋಡಿದೆ. ಆ ಪುಟದ ತೀರಾ ಕೆಳಗೆ, ಸ್ಕ್ರೋಲ್ ಮಾಡಿದರೆ ಮಾತ್ರ ಕಾಣುವ ಹಾಗೆ, ಪೋರ್ಟ್ ಬೈಂಡಿಂಗ್ ಅಂತ ಸಣ್ಣ ಸಣ್ಣ ಚೌಕಗಳಿದ್ದವು. ಬ್ರಿಡ್ಜನ್ನು ಯಾವ ಪೋರ್ಟಿಗೆ ಸೇರಿಸಬೇಕು ಅಂತ ಅಲ್ಲಿ ಟಿಕ್ ಹಾಕಬೇಕು. ಮೋಡ್ ಬದಲಾಯಿಸಿದಾಗ ಆ ಟಿಕ್ ಎಲ್ಲ ಅಳಿಸಿಹೋಗಿದ್ದವು. ಲ್ಯಾನ್ 1ಕ್ಕೆ, ಅಂದರೆ ನಾನು ವೈರು ಹಾಕಿದ್ದ ಒಂದನೇ ಪೋರ್ಟಿಗೆ, ಟಿಕ್ ಹಾಕಿ ಸೇವ್ ಮಾಡಿದೆ. ಈ ಸಲ ಉತ್ತರ ಬಂತು, ಆದರೆ ಲಾಗಿನ್ ಆಗಲಿಲ್ಲ. ಹಳೆಯ ಪೆಟ್ಟಿಗೆಯ ಲಾಗಿನ್ ಕಂಪನಿಯ ಕಡೆ ಇನ್ನೂ ಜೀವಂತ ಇತ್ತು ಅಂತ ಕಾಣುತ್ತದೆ, ಎರಡನೆಯವರನ್ನು ಒಳಗೆ ಬಿಡಲಿಲ್ಲ. ಎರಡನ್ನೂ ಆಫ್ ಮಾಡಿ, ಚಹಾ ಕುಡಿದು, ಇಪ್ಪತ್ತು ನಿಮಿಷ ಬಿಟ್ಟು ಆನ್ ಮಾಡಿದೆ. ನೆಟ್ ಬಂತು.

ನಮಗೆ ಸಿಕ್ಕ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ನಮ್ಮ ರೌಟರಿನ ಗುರುತಿನ ಅಂಕಿ) 100ರಿಂದ ಶುರುವಾಗುತ್ತದೆ. 100.64ರಿಂದ 100.127ರ ಒಳಗಿನ ವಿಳಾಸ ಬಂದರೆ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಕಂಪನಿ ಹಂಚುತ್ತಿದೆ ಅಂತ ಅರ್ಥ. ಹಾಗಾಗಿ ಅಡಿಕೆ ಅಂಗಳದ ಕ್ಯಾಮೆರಾವನ್ನು ಹೊರಗಿನಿಂದ ಹಳೆಯ ರೀತಿಯಲ್ಲಿ ನೋಡಲು ಆಗಲಿಲ್ಲ. ಐಪಿವಿ6 (ಹೀಗೆ ಹಂಚಿಕೊಳ್ಳದೆ ಪ್ರತಿ ಮನೆಗೂ ಬೇರೆ ವಿಳಾಸ ಸಿಗುವ ಹೊಸ ಪದ್ಧತಿ) ಆನ್ ಮಾಡಿದ ಮೇಲೆ ಅದೂ ಆಯಿತು. ಕಂಪನಿಯ ಪೆಟ್ಟಿಗೆಯಲ್ಲಿ ಅದನ್ನು ಆನ್ ಮಾಡುವ ಪುಟವೂ ನಮಗೆ ಕಾಣುತ್ತಿರಲಿಲ್ಲ.

ಇಷ್ಟೆಲ್ಲ ಆದರೂ ಅಡಿಗೆಮನೆಯ ಕೂಗು ನಿಲ್ಲಲಿಲ್ಲ. ಮಣ್ಣಿನ ಗೋಡೆಗೆ ಯಾವ ರೌಟರಾದರೂ ಒಂದೇ. 5 ಗಿಗಾಹರ್ಟ್ಸ್ ಅಂತೂ 2.4ಕ್ಕಿಂತ ಬೇಗ ಸೋಲುತ್ತದೆ. ಅಲ್ಲಿಗೆ ವೈರು ಎಳೆಯದೆ ಬೇರೆ ದಾರಿ ಇರಲಿಲ್ಲ. 30 ಮೀಟರ್ ಕ್ಯಾಟ್ 6 ಕೇಬಲ್ ತಂದೆ. ನೆಟ್‌ವರ್ಕ್ ವೈರು 100 ಮೀಟರ್ ತನಕ ತೊಂದರೆ ಇಲ್ಲದೆ ಹೋಗುತ್ತದೆ. ಅಟ್ಟ ಹತ್ತಿದರೆ ಅಲ್ಲಿ ಬಗ್ಗಿಯೂ ನಡೆಯಲು ಆಗುವುದಿಲ್ಲ, ಹಳೆಯ ಪಾತ್ರೆ, ತೊಟ್ಟಿಲು, ಮುರಿದ ಕುರ್ಚಿ. ತೊಲೆಯ ಮೇಲೆ, ಪಕಾಸಿಗಳ ಕೆಳಗೆ ಒಂದು ಕೈ ಹೋಗುವಷ್ಟು ಸಂದು ಇದೆ. ಅಪ್ಪ ಕೆಳಗಿನಿಂದ ನೋಡಿ ಏನೂ ಹೇಳದೆ ಹೊರಗೆ ಹೋದರು. ಬರುವಾಗ ಕೈಯಲ್ಲಿ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಉದ್ದ ಪಟ್ಟಿ ಇತ್ತು. ಅದರ ತುದಿಗೆ ಕಚ್ಚು ಹಾಕಿ, ಕೇಬಲ್ ಕಟ್ಟಿ, ಅವರು ಜಗುಲಿ ಕಡೆಯಿಂದ ನೂಕಿದರು, ನಾನು ಆ ಕಡೆ ಹಿಡಿದೆ. ದಬ್ಬೆ ಬಗ್ಗುತ್ತದೆ, ಆದರೆ ಮುರಿಯುವುದಿಲ್ಲ, ತೊಲೆಯ ಮೇಲೆ ಜಾರುತ್ತಾ ಹೋಗುತ್ತದೆ. ಮೂರು ಸಲ ನೂಕಿದ್ದರಲ್ಲಿ ಅಡಿಗೆಮನೆ ತಲುಪಿತು. ಇಲಿ ಕಡಿಯದ ಹಾಗೆ ಕೈಗೆ ಸಿಗುವ ಜಾಗದಲ್ಲೆಲ್ಲ ಕೇಬಲನ್ನು ಪಿವಿಸಿ ಪೈಪಿನೊಳಗೆ ಹಾಕಿದೆವು. ಆ ತುದಿಗೆ ಕಪಾಟಿನಲ್ಲಿ ಬಿದ್ದಿದ್ದ ಹಳೆಯ ರೌಟರ್ ಸಿಕ್ಕಿಸಿದೆ. ಅದರಲ್ಲಿ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪಿಗೆ ವಿಳಾಸ ಹಂಚುವ ಕೆಲಸ) ಬಂದ್ ಮಾಡಿ, ವ್ಯಾನ್ ಪೋರ್ಟ್ ಬಿಟ್ಟು ಲ್ಯಾನ್ ಪೋರ್ಟಿಗೆ ವೈರು ಹಾಕಿದರೆ ಬರೀ ವೈಫೈ ಬೀರುವ ಪೆಟ್ಟಿಗೆ ಆಗುತ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟೆ, ಚಾನೆಲ್ ಮಾತ್ರ ಬೇರೆ.

ಕೊನೆಯದಾಗಿ ಕರೆಂಟು. ಜುಲೈ ತಿಂಗಳಲ್ಲಿ ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಯಾರೂ ಎಣಿಸುವುದಿಲ್ಲ. ಇನ್ವರ್ಟರ್ ಇದೆ, ಆದರೆ ಅದಕ್ಕೆ ಬದಲಾಗುವ ಕ್ಷಣದಲ್ಲಿ ಪೆಟ್ಟಿಗೆಗಳು ಆಫ್ ಆಗಿ ಮತ್ತೆ ಶುರುವಾಗಲು ಎರಡು ಮೂರು ನಿಮಿಷ. ಬಿಳಿ, ಕಪ್ಪು ಎರಡೂ 12 ವೋಲ್ಟಿನವು. ಹಾಗಾಗಿ ಎರಡಕ್ಕೂ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿದೆ. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ತನ್ನಿ. 9 ವೋಲ್ಟಿನ ರೌಟರುಗಳೂ ಇರುತ್ತವೆ.

ಆಗಸ್ಟಿನಲ್ಲಿ ತೋಟದ ಅಂಚಿನ ಹಲಸಿನ ಕೊಂಬೆ ಮುರಿದು ಫೈಬರ್ ಕಡಿದುಹೋಯಿತು. ಎದ್ದು ನೋಡುವಾಗ ಬಿಳಿ ಪೆಟ್ಟಿಗೆಯಲ್ಲಿ ಕೆಂಪು ದೀಪ. ಗಾಜಿನ ಕಡೆಯದ್ದು ಅಂತ ಆ ಒಂದು ದೀಪದಿಂದಲೇ ಗೊತ್ತಾಯಿತು, ರೌಟರ್ ಮುಟ್ಟಲು ಹೋಗಲಿಲ್ಲ. ಹುಡುಗ ಮಳೆಯಲ್ಲೇ ಬಂದ. ಕೇಬಲ್ ತುದಿಯನ್ನು ಜಗುಲಿಗೆ ಎಳೆದುಕೊಂಡು, ಮೇಲಿನ ಸಿಪ್ಪೆ ಸುಲಿದು, ಕೂದಲಿನಷ್ಟು ಸಣ್ಣ ಗಾಜನ್ನು ಒರೆಸಿ, ನೇರವಾಗಿ ಕತ್ತರಿಸಿ ಮಷೀನಿನಲ್ಲಿ ಇಟ್ಟ. ಪುಟ್ಟ ಪರದೆಯ ಮೇಲೆ ಎರಡು ತುದಿಗಳು ಹತ್ತಿರ ಬಂದು ಒಂದು ಮಿಂಚಿನಲ್ಲಿ ಕರಗಿ ಒಂದಾದವು. ಕೆಂಪು ದೀಪ ಆರಿ ಹಸಿರು ಬಂತು. ಅಡಿಗೆಮನೆಯಿಂದ ಆಯಿಯ ಫೋನ್ ಟಿಣ್ ಟಿಣ್ ಅಂತು, ರಾತ್ರಿಯಿಡೀ ಬಾಕಿ ಇದ್ದ ಮೆಸೇಜೆಲ್ಲ ಬಂದವು.

ಅವನು ಚಹಾ ಕುಡಿಯುತ್ತಾ ನಾಗಂದಿಗೆ ಮೇಲಿನ ಎರಡು ಪೆಟ್ಟಿಗೆಗಳನ್ನೇ ನೋಡುತ್ತಿದ್ದ. ಕೆಳಗಿನ ಊರಿನಲ್ಲಿ ಇನ್ನೊಬ್ಬರು ಹೀಗೇ ಮಾಡಿಕೊಡು ಅಂತ ಕೇಳಿದ್ದಾರಂತೆ, ಎಲ್ಲ ಮಾಡಿದರೂ ನೆಟ್ ಬರುತ್ತಿಲ್ಲವಂತೆ. ಪೋರ್ಟ್ ಬೈಂಡಿಂಗ್ ಪುಟದ ಫೋಟೊ ಅವನ ಫೋನಿಗೆ ಕಳಿಸಿದೆ. ಲ್ಯಾನ್ 1ರ ಚೌಕಕ್ಕೆ ಕೆಂಪು ಗೆರೆ ಎಳೆದು ಕಳಿಸಿದ್ದೇನೆ.